ಮಾರಿಯೋ, ಪ್ರಿನ್ಸ್, ಸೋನಿಕ್: ಯಾವ ಆವೃತ್ತಿ ಆಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಟ್, ರೀಮೇಕ್, ಮಾಡ್: ಇವುಗಳ ವ್ಯತ್ಯಾಸ ಏನು?

ಒಂದು ಯಂತ್ರದ ಆಟವನ್ನು ಇನ್ನೊಂದು ಯಂತ್ರದಲ್ಲಿ ಓಡುವ ಹಾಗೆ ಹೊಂದಿಸಿದರೆ ಅದು ಪೋರ್ಟ್. ಲೆವೆಲ್‌ಗಳ ನಕ್ಷೆಯನ್ನು ಇಟ್ಟುಕೊಂಡು ಚಿತ್ರ, ಸದ್ದು, ಕೋಡ್ ಎಲ್ಲವನ್ನೂ ಹೊಸದಾಗಿ ಕಟ್ಟಿದರೆ ರೀಮೇಕ್. ಮೂಲ ಆಟದ ಫೈಲುಗಳನ್ನೇ ಅಭಿಮಾನಿಗಳು ತಿದ್ದಿ ಹೊಸ ಲೆವೆಲ್, ಹೊಸ ಚಿತ್ರ ಸೇರಿಸಿದರೆ ಮಾಡ್. ಕ್ಯಾಸೆಟ್ ಆಟದ ರೋಮ್ ಫೈಲನ್ನು (ಕ್ಯಾಸೆಟ್ಟಿನ ಚಿಪ್‌ನಲ್ಲಿದ್ದ ಆಟದ ನಕಲು) ತಿದ್ದಿದ್ದಾದರೆ ಅದಕ್ಕೆ ರೋಮ್ ಹ್ಯಾಕ್ ಅನ್ನುವ ರೂಢಿ. ಎಮ್ಯುಲೇಟರ್ ಈ ಯಾವುದೂ ಅಲ್ಲ. ಅದು ಹಳೆಯ ಯಂತ್ರದ ನಕಲು, ಆಟ ಮಾತ್ರ ಹಳೆಯದೇ.

ಅಂಗಡಿಯಲ್ಲಿ ಹಾಕಿದ ಹಣೆಪಟ್ಟಿಯನ್ನು ನಂಬಬೇಡಿ. ಫೋನಿಗೆ 2013ರಲ್ಲಿ ಬಂದ ಸೋನಿಕ್ 1 ಪೋರ್ಟ್ ಎಂದೇ ಹೆಸರಾಯಿತು, ಆದರೆ ಅದನ್ನು ಕ್ರಿಶ್ಚಿಯನ್ ವೈಟ್‌ಹೆಡ್ ಅವರ ರೆಟ್ರೋ ಎಂಜಿನ್ ಮೇಲೆ ಹೊಸದಾಗಿ ಬರೆಯಲಾಗಿತ್ತು. ಆಡಿದರೆ ಮಾತ್ರ ಮೂಲದ ಹಾಗೇ ಅನಿಸುತ್ತದೆ. ಇತ್ತ 2006ರ ಗೇಮ್ ಬಾಯ್ ಅಡ್ವಾನ್ಸ್ ಸೋನಿಕ್ ಕೂಡ ಪೋರ್ಟೇ. ಅದು ತೆವಳುತ್ತದೆ.

ಎರಡು ಆವೃತ್ತಿ ಹೋಲಿಸುವಾಗ ಮೊದಲು ಏನು ನೋಡಬೇಕು?

ಸಮಯ. ಹೆಚ್ಚಿನ ಹೋಲಿಕೆ ವಿಡಿಯೋಗಳು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಣ್ಣ ನೋಡಿ ತೀರ್ಪು ಕೊಡುತ್ತವೆ. ಪ್ಲಾಟ್‌ಫಾರ್ಮ್ ಆಟದ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಗತಿ. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಪಾತ್ರ ನೆಲ ಬಿಡುತ್ತದೆ, ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ, ಮುಂದಿನ ಹಳ್ಳ ಎಷ್ಟು ಮೊದಲು ಕಣ್ಣಿಗೆ ಬೀಳುತ್ತದೆ, ಕೈ ಕಲಿಯುವುದು ಇಷ್ಟನ್ನೇ.

ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರದ ಸೋನಿಕ್ ಲೆಕ್ಕವನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಒಮ್ಮೆಗೆ ಮೂಡುವ ಒಂದು ಚಿತ್ರವೇ ಫ್ರೇಮ್. ಜಿಗಿತದ ಆರಂಭದ ವೇಗ ಫ್ರೇಮಿಗೆ 6.5 ಪಿಕ್ಸೆಲ್, ಗುರುತ್ವ ಪ್ರತಿ ಫ್ರೇಮಿಗೆ 0.21875. ಏರಲು ಸುಮಾರು 30 ಫ್ರೇಮ್, ಇಳಿಯಲು ಅಷ್ಟೇ. ಎತ್ತರ ಸುಮಾರು 96 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಓಡುವ ಯಂತ್ರದಲ್ಲಿ ಇಡೀ ಜಿಗಿತ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಯುರೋಪಿನ 50 ಹರ್ಟ್ಸ್ (ಸೆಕೆಂಡಿಗೆ 50 ಫ್ರೇಮ್) ಯಂತ್ರದಲ್ಲಿ ಅದೇ ಜಿಗಿತಕ್ಕೆ 1.2 ಸೆಕೆಂಡ್ ಬೇಕು. ಎತ್ತರ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ, ಸ್ಕ್ರೀನ್‌ಶಾಟಿನಲ್ಲಿ ಏನೂ ಕಾಣುವುದಿಲ್ಲ, ಆದರೂ ಆಟ ಬೇರೆಯೇ.

ಚಿಕ್ಕಂದಿನಲ್ಲಿ ಟೀವಿಗೆ ಹಾಕಿ ಆಡಿದ ಮಾರಿಯೋ ಎಮ್ಯುಲೇಟರಿನಲ್ಲಿ ಯಾಕೆ ಇಷ್ಟು ಜೋರಾಗಿ ಓಡುತ್ತದೆ?

ನಿಮ್ಮ ನೆನಪು ಸರಿಯಾಗಿಯೇ ಇದೆ. ನಮ್ಮಲ್ಲಿ 90ರ ದಶಕದಲ್ಲಿ ಮನೆಮನೆಗೆ ಬಂದದ್ದು ನಿಂಟೆಂಡೊ ಯಂತ್ರವಲ್ಲ, ಅದರ ತದ್ರೂಪಿಗಳು. ಭಾರತದ ಟೀವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಚಿತ್ರ. ಪಾಲ್ ಟೀವಿಗೆಂದು ಮಾಡಿದ ತದ್ರೂಪಿಗಳು 60ಕ್ಕೆ ಬರೆದ ಜಪಾನ್ ಮತ್ತು ಅಮೆರಿಕದ ಆಟಗಳನ್ನು 50ರಲ್ಲಿ ಓಡಿಸುತ್ತಿದ್ದವು. ಅಂದರೆ ಆರರಲ್ಲಿ ಒಂದು ಪಾಲು ನಿಧಾನ. ಯುರೋಪಿಗೆ ಬಿಟ್ಟ ಅಧಿಕೃತ ಕ್ಯಾಸೆಟ್ಟಿನಲ್ಲಿ ನಿಂಟೆಂಡೊ ವೇಗವನ್ನು ಸರಿಹೊಂದಿಸಿತ್ತು. ನಮ್ಮ ‘ಸಾವಿರಾರು ಆಟ ಒಂದರಲ್ಲಿ’ ಕ್ಯಾಸೆಟ್ಟುಗಳಿಗೆ ಆ ಭಾಗ್ಯ ಇರಲಿಲ್ಲ.

ಆ ವೇಗವೇ ಬೇಕೆಂದರೆ ಮೆಸೆನ್ ಅಥವಾ ಎಫ್‌ಸಿಇಯುಎಕ್ಸ್ ಎಮ್ಯುಲೇಟರಿನ ರೀಜನ್ ಸೆಟ್ಟಿಂಗಿಗೆ ಹೋಗಿ ‘ಡೆಂಡಿ’ (ಪಾಲ್ ಟೀವಿಯ ತದ್ರೂಪಿ ಯಂತ್ರದ ಮಾದರಿ) ಆರಿಸಿ. ‘ಪಾಲ್’ ಆರಿಸಬೇಡಿ. ಅಧಿಕೃತ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಮೂಲದ್ದು 1.79. ಹಾಗಾಗಿ ಹಾಡಿನ ಶ್ರುತಿಯೂ ಒಂದು ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಡೆಂಡಿ ಮಾದರಿಯದು 1.77, ಲಯ ನಿಧಾನ, ಶ್ರುತಿ ಹೆಚ್ಚುಕಡಿಮೆ ಹಾಗೇ. ನಮ್ಮವರ ಕಿವಿಯಲ್ಲಿ ಕೂತಿರುವುದು ಈ ಹಾಡು.

ಸೆಟ್ಟಿಂಗ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಗಡಿಯಾರ ಸಾಕು. ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೇಲಿನ ಟೈಮ್ ಪ್ರತಿ 24 ಫ್ರೇಮಿಗೆ ಒಂದು ಅಂಕಿ ಇಳಿಯುತ್ತದೆ. 1-1ರಲ್ಲಿ, ಅಂದರೆ ಮೊದಲ ಲೆವೆಲಿನಲ್ಲಿ, ಮಾರಿಯೋನನ್ನು ಸುಮ್ಮನೆ ನಿಲ್ಲಿಸಿ 390ರಿಂದ 290ಕ್ಕೆ ಇಳಿಯುವ ಹೊತ್ತು ಅಳೆಯಿರಿ. ಶತ್ರು ಹತ್ತಿರ ಬರದಿರಲಿ ಎಂದು ಆಟ ಶುರುವಾದ ಜಾಗ ಬಿಟ್ಟು ಕದಲಬೇಡಿ. 40 ಸೆಕೆಂಡ್ ಬಂದರೆ 60 ಹರ್ಟ್ಸ್, 48 ಬಂದರೆ 50.

ಮೊದಲ ಮಾರಿಯೋ ಆಡಲು ಯಾವುದು ಒಳ್ಳೆಯದು: 1985ರದ್ದೋ, ಆಲ್-ಸ್ಟಾರ್ಸೋ, ಡೀಲಕ್ಸೋ?

1985ರದ್ದು. ಸೂಪರ್ ನಿಂಟೆಂಡೊಗೆ 1993ರಲ್ಲಿ ಬಂದ ಆಲ್-ಸ್ಟಾರ್ಸ್ ನೋಡಲು ಚೆಂದ, ಆದರೆ ಇಟ್ಟಿಗೆ ಒಡೆಯುವಲ್ಲಿ ಎಡವಿದೆ. ಮೂಲದಲ್ಲಿ ತಲೆ ತಾಗಿ ಇಟ್ಟಿಗೆ ಒಡೆದ ಕೂಡಲೇ ಮಾರಿಯೋ ಕೆಳಗೆ ಬೀಳುತ್ತಾನೆ. ಆಲ್-ಸ್ಟಾರ್ಸ್‌ನಲ್ಲಿ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ಇಟ್ಟಿಗೆ ಸಾಲಿನ ಕೆಳಗೆ ಓಡುತ್ತಾ ಒಡೆಯುವ ಅಭ್ಯಾಸವಿದ್ದವರಿಗೆ ಮೊದಲ ನಿಮಿಷದಲ್ಲೇ ಕೈ ತಪ್ಪುತ್ತದೆ. 1-2ರ ಗೋಡೆಯೊಳಗೆ ನುಗ್ಗಿ ಹೋಗುವ ‘ಮೈನಸ್ ವರ್ಲ್ಡ್’ ಕೂಡ ಅದರಲ್ಲಿಲ್ಲ.

ಗೇಮ್ ಬಾಯ್ ಕಲರ್‌ನ ಡೀಲಕ್ಸ್ 1999ರದ್ದು. ಕೋಡ್ ಮೂಲಕ್ಕೆ ಹತ್ತಿರವೇ, ತೊಂದರೆ ಪರದೆಯದು. ಮೂಲ 256 ಅಗಲ 240 ಎತ್ತರ. ಇದು 160 ಅಗಲ 144 ಎತ್ತರ. ಮುಂದಿನದು ಕಾಣುವುದು ತಡ, ಮೇಲಿನ ಸಾಲು ಕಾಣಬೇಕಾದರೆ ಪರದೆಯನ್ನೇ ಮೇಲೆ ಸರಿಸಬೇಕು. ಹಾರುವ ಆಮೆಗಳು ಎಲ್ಲಿಂದಲೋ ಉದುರಿದ ಹಾಗೆ ಬರುತ್ತವೆ. ಅದರ ಹೆಚ್ಚುವರಿ ಸವಾಲುಗಳಿಗಾಗಿ ಬೇಕಾದರೆ ಆಡಿ.

ಪ್ರಿನ್ಸ್ ಆಫ್ ಪರ್ಶಿಯಾದಲ್ಲಿ ‘ಅಸಲಿ’ ಯಾವುದು?

ಮೂಲ 1989ರ ಆಪಲ್ 2 ಆವೃತ್ತಿ, ಜೋರ್ಡನ್ ಮೆಕ್ನರ್ ಬರೆದದ್ದು. ನಮ್ಮಲ್ಲಿ ಶಾಲೆ, ಕಾಲೇಜಿನ ಕಂಪ್ಯೂಟರ್ ಲ್ಯಾಬುಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಹರಡಿದ್ದು 1990ರ ಡಾಸ್ (ಆಗಿನ ಪಿಸಿಗಳ ಕಾರ್ಯವ್ಯವಸ್ಥೆ) ಪೋರ್ಟ್. ಎರಡರಲ್ಲೂ ಗಡುವು 60 ನಿಮಿಷ, ಕೋಟೆಯೂ ಅದೇ. ಪೋರ್ಟು ಮೂಲಕ್ಕಿಂತ ಮೇಲು ಅನ್ನಬಹುದಾದ ಅಪರೂಪದ ಪ್ರಸಂಗ ಇದು. 256 ಬಣ್ಣದ ಡಾಸ್ ಆವೃತ್ತಿ ಹೆಚ್ಚು ಸ್ಪಷ್ಟ, ನಡೆ ಕೆಟ್ಟಿಲ್ಲ.

ಈ ಆಟದ ಗುಟ್ಟು ಅದರ ನಿಧಾನದಲ್ಲಿದೆ. ಡಾಸ್ ಆವೃತ್ತಿಯಲ್ಲಿ ಸೆಕೆಂಡಿಗೆ 60 ತಟ್ಟುವ ಗಡಿಯಾರದ ಐದು ತಟ್ಟಿಗೆ ಒಂದು ಚಿತ್ರ, ಅಂದರೆ ಸೆಕೆಂಡಿಗೆ 12. ಕತ್ತಿವರಸೆ ಶುರುವಾದರೆ ಆರು ತಟ್ಟಿಗೆ ಒಂದು, ಸೆಕೆಂಡಿಗೆ 10. ಹೊಡೆತ ತಡೆಯುವ ಗುಂಡಿಯನ್ನು ಯಾವಾಗ ಒತ್ತಬೇಕೆಂದು ನಿಮ್ಮ ಬೆರಳು ಕಲಿತದ್ದು ಈ ಹತ್ತರ ಲಯದಲ್ಲಿ. 2007ರ ಪ್ರಿನ್ಸ್ ಆಫ್ ಪರ್ಶಿಯಾ ಕ್ಲಾಸಿಕ್ ರೀಮೇಕ್ ಲೆವೆಲ್ ನಕ್ಷೆಯನ್ನು ಹಾಗೇ ಇಟ್ಟುಕೊಂಡು ಚಲನೆಯನ್ನು ನುಣುಪು ಮಾಡಿತು. ಹಳೆಯ ಕೈಚಳಕ ಅಲ್ಲಿ ನಡೆಯುವುದಿಲ್ಲ. ಕೆಟ್ಟ ಆಟವಲ್ಲ, ಮೂಲ ಆಡದವರಿಗೆ ಅದೇ ಸುಲಭದ ಬಾಗಿಲು.

ಸೂಪರ್ ನಿಂಟೆಂಡೊದ 1992ರ ಆವೃತ್ತಿಯನ್ನು ಪೋರ್ಟ್ ಎಂದು ಕರೆಯುವುದೇ ತಪ್ಪು. ಅದರಲ್ಲಿ 20 ಲೆವೆಲ್, 120 ನಿಮಿಷ. ಹೊಸ ಕೋಣೆ, ಹೊಸ ಉರುಲು. ಡಾಸ್ ಆಟ ಬಾಯಿಪಾಠ ಆದವರು ಮುಂದೆ ಆಡಬೇಕಾದ್ದು ಇದನ್ನು. ಅಂದಹಾಗೆ ರಾಜಕುಮಾರನ ಪೇಟ ಮೂಲದಲ್ಲಿ ಇರಲಿಲ್ಲ. ಜಪಾನಿನ ಪಿಸಿ-98 ಪೋರ್ಟಿನಲ್ಲಿ ಮೊದಲು ತೊಡಿಸಿದರು.

ಅಭಿಮಾನಿಗಳ ಕೆಲಸದಲ್ಲೂ ಇದಕ್ಕೆ ಬರ ಇಲ್ಲ. 2011ರಲ್ಲಿ ಕಮೊಡೋರ್ 64 ಎಂಬ ಹಳೆಯ ಮನೆ ಕಂಪ್ಯೂಟರಿಗೆ ಪೋರ್ಟ್ ಬಂತು. 2012ರಲ್ಲಿ ಮೆಕ್ನರ್ ಹಳೆಯ ಫ್ಲಾಪಿಗಳಲ್ಲಿ ಸಿಕ್ಕ ಆಪಲ್ 2 ಮೂಲ ಕೋಡನ್ನು ಬಹಿರಂಗ ಮಾಡಿದರು. ಅದನ್ನೇ ಆಧರಿಸಿ ಬಿಟ್‌ಶಿಫ್ಟರ್ಸ್ ಗುಂಪು 2018ರಲ್ಲಿ ಬಿಬಿಸಿ ಮಾಸ್ಟರ್ ಎಂಬ ಬ್ರಿಟನ್ನಿನ ಹಳೆಯ ಕಂಪ್ಯೂಟರಿಗೆ ಪೋರ್ಟ್ ಮಾಡಿತು. ಇವತ್ತು ಮನೆಯ ಕಂಪ್ಯೂಟರಿನಲ್ಲಿ ಆಡಲು ನಮ್ಮ ಆಯ್ಕೆ ಎಸ್‌ಡಿಎಲ್‌ಪಾಪ್. ಡಾಸ್ ಆವೃತ್ತಿಯನ್ನು ಬಿಡಿಸಿ ಓದಿ ಅದೇ ತರ್ಕದಲ್ಲಿ ಕಟ್ಟಿದ ಮುಕ್ತ ತಂತ್ರಾಂಶ ಇದು.

ಎಸ್‌ಡಿಎಲ್‌ಪಾಪ್‌ನಲ್ಲಿ ಮಾಡ್ ಹಾಕುವುದು ಹೇಗೆ?

1. ಎಸ್‌ಡಿಎಲ್‌ಪಾಪ್ ಫೋಲ್ಡರಿನೊಳಗೆ ‘ಮಾಡ್ಸ್’ ಫೋಲ್ಡರ್ ಇದೆ. ಅದರೊಳಗೆ ನಿಮ್ಮ ಮಾಡ್‌ನ ಹೆಸರಲ್ಲಿ ಹೊಸ ಫೋಲ್ಡರ್ ಮಾಡಿ. ಹೆಸರಲ್ಲಿ ಖಾಲಿ ಜಾಗ ಬೇಡ.
2. ಮಾಡ್‌ನ ಜಿಪ್ ಬಿಚ್ಚಿ ಎಲ್ಲ ಫೈಲುಗಳನ್ನೂ ಅಲ್ಲಿಗೆ ಹಾಕಿ. ಲೆವೆಲ್ ಫೈಲ್ ಒಂದನ್ನೇ ಹಾಕಿ ಬಿಡುವುದು ಸಾಮಾನ್ಯ ತಪ್ಪು. ಸಮಯದ ಮಿತಿ, ಕಾವಲುಗಾರರ ಶಕ್ತಿಯಂಥ ಬದಲಾವಣೆಗಳು ಎಷ್ಟೋ ಸಲ ಆಟದ ಮುಖ್ಯ ಪ್ರೋಗ್ರಾಂ ಫೈಲಿನಲ್ಲೇ ಇರುತ್ತವೆ.
3. ಎಸ್‌ಡಿಎಲ್‌ಪಾಪ್‌ನ ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಲೆವೆಲ್‌ಸೆಟ್’ ಸಾಲು ಹುಡುಕಿ. ಅಲ್ಲಿ ‘ಒರಿಜಿನಲ್’ ಎಂದಿದ್ದಲ್ಲಿ ನಿಮ್ಮ ಫೋಲ್ಡರಿನ ಹೆಸರು ಬರೆಯಿರಿ.
4. ಉಳಿಸಿ, ಆಟ ತೆರೆಯಿರಿ.

ಮೊದಲ ಕೋಣೆ ಮೂಲದ್ದೇ ಬಂದರೆ ಫೋಲ್ಡರ್ ಹೆಸರು ಹೊಂದಿಲ್ಲ, ಅಥವಾ ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಕೂತಿದೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನೂ ನೋಡಿ.

ಎಫ್6 ಒತ್ತಿದರೆ ಇದ್ದ ಜಾಗದಲ್ಲೇ ಸೇವ್, ಎಫ್9 ಒತ್ತಿದರೆ ಅಲ್ಲಿಗೇ ವಾಪಸ್. ಕಷ್ಟದ ಮಾಡ್‌ಗಳಿಗೆ ಇದಿಲ್ಲದೆ ಆಗದು. ಲ್ಯಾಬಿನ ಕಾಲದ ಶಿಫ್ಟ್-ಎಲ್ ನೆನಪಿದ್ದರೆ ಜೋಪಾನ: ಚೀಟ್ ಹಾಕದೆ ಒತ್ತಿದರೆ ಅದು ಮೊದಲ ಕೆಲವು ಲೆವೆಲ್ ಮಾತ್ರ ದಾಟಿಸುತ್ತದೆ, ಉಳಿದ ಸಮಯವನ್ನು 15 ನಿಮಿಷಕ್ಕೆ ಇಳಿಸುತ್ತದೆ.

ಡಾಸ್‌ಬಾಕ್ಸಿನಲ್ಲಿ ಪ್ರಿನ್ಸ್, ಡೇಂಜರಸ್ ಡೇವ್ ಎಲ್ಲ ಕುಳ್ಳಗೆ ಕಾಣುತ್ತವೆ. ಸರಿಪಡಿಸುವುದು ಹೇಗೆ?

ಡಾಸ್‌ಬಾಕ್ಸ್ ಅಂದರೆ ಡಾಸ್ ಆಟಗಳ ಎಮ್ಯುಲೇಟರ್. ಆ ಆಟಗಳ ಚಿತ್ರ 320 ಅಗಲ 200 ಎತ್ತರ, ಆದರೆ ಹಳೆಯ ಮಾನಿಟರ್ ಅದನ್ನು 4:3ಕ್ಕೆ ಎಳೆದು ತೋರಿಸುತ್ತಿತ್ತು. ಪ್ರತಿ ಪಿಕ್ಸೆಲ್ ಅಗಲಕ್ಕಿಂತ ಎತ್ತರ ಜಾಸ್ತಿ. ಡಾಸ್‌ಬಾಕ್ಸ್ ಕಾನ್ಫಿಗ್ ಫೈಲಿನಲ್ಲಿ ‘ಆಸ್ಪೆಕ್ಟ್’ ಅನ್ನು ‘ಟ್ರೂ’ ಮಾಡಿ. ಅಗಲವನ್ನು 5 ಪಟ್ಟು, ಎತ್ತರವನ್ನು 6 ಪಟ್ಟು ಹಿಗ್ಗಿಸಿದರೆ ಸರಿಯಾಗಿ 1600 ಅಗಲ 1200 ಎತ್ತರ ಬರುತ್ತದೆ, ಅಂಚುಗಳು ಚೂಪಾಗಿರುತ್ತವೆ. 1080 ಎತ್ತರದ ಪರದೆಯಲ್ಲಿ ಇದು ಹಿಡಿಸುವುದಿಲ್ಲ. ಸ್ವಲ್ಪ ಮಸುಕನ್ನು ಒಪ್ಪಿಕೊಳ್ಳಬೇಕು. ಆಟ ಎಳೆದೆಳೆದು ಓಡಿದರೆ ಕಂಟ್ರೋಲ್-ಎಫ್12 ಒತ್ತಿ ಸೈಕಲ್ಸ್ (ನಕಲು ಪ್ರೊಸೆಸರಿನ ವೇಗ) ಏರಿಸಿ, ಜಾಸ್ತಿಯಾದರೆ ಕಂಟ್ರೋಲ್-ಎಫ್11.

ಸೋನಿಕ್‌ಗೆ ಯಾವುದು?

ಸೋನಿಕ್ 1 ಮತ್ತು 2ಕ್ಕೆ ವೈಟ್‌ಹೆಡ್ ಅವರ 2013ರ ಆವೃತ್ತಿಗಳು. ಅಗಲ ಪರದೆ, 60 ಫ್ರೇಮ್. ನಿಂತಲ್ಲೇ ಸುತ್ತಿ ಮುಂದೆ ನುಗ್ಗುವ ಸ್ಪಿನ್ ಡ್ಯಾಶ್ ಮೊದಲ ಆಟಕ್ಕೂ ಸೇರಿದೆ. ಕಂಪ್ಯೂಟರಿನಲ್ಲಿ ಬೇಕೆಂದರೆ ಅಭಿಮಾನಿಗಳು ಈ ಎಂಜಿನ್ನನ್ನು ಡಿಕಂಪೈಲ್ ಮಾಡಿದ್ದಾರೆ (ಪ್ರೋಗ್ರಾಂ ಬಿಡಿಸಿ ಕೋಡ್ ಮರಳಿ ಬರೆದಿದ್ದಾರೆ), ಆದರೆ ಫೋನ್ ಆವೃತ್ತಿಯ ಡೇಟಾ ಫೈಲ್ ನಿಮ್ಮದೇ ಆಗಿರಬೇಕು.

ಸೋನಿಕ್ 3 ಆಂಡ್ ನಕಲ್ಸ್ ವಿಷಯದಲ್ಲಿ ಸೆಗಾ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದೆ. ಜೂನ್ 2022ರಲ್ಲಿ ಸೋನಿಕ್ ಒರಿಜಿನ್ಸ್ ಸಂಗ್ರಹವನ್ನು ಬಿಡುವ ಮೊದಲೇ ಹಳೆಯ ಬಿಡಿ ಆವೃತ್ತಿಗಳನ್ನು ಅಂಗಡಿಯಿಂದ ತೆಗೆಸಿತು. ಒರಿಜಿನ್ಸ್‌ನಲ್ಲಿ ಕಾರ್ನಿವಲ್ ನೈಟ್, ಐಸ್ ಕ್ಯಾಪ್, ಲಾಂಚ್ ಬೇಸ್ ಝೋನ್‌ಗಳ ಹಾಡುಗಳೇ ಬೇರೆ. ಐಸ್ ಕ್ಯಾಪ್‌ನ ಹಿಮದ ಇಳಿಜಾರಿಗೆ ಆ ಹಾಡಿಲ್ಲದಿದ್ದರೆ ಅರ್ಧ ಮಜಾ ಹೋಯಿತು.

ಹಾಗಾಗಿ ಬಲ್ಲವರು ಹೇಳುವುದು ಅಭಿಮಾನಿಗಳ ‘ಸೋನಿಕ್ 3 ಏಂಜಲ್ ಐಲ್ಯಾಂಡ್ ರೀವಿಸಿಟೆಡ್’. ಇದರಲ್ಲಿ ಆಟದ ಡೇಟಾ ಇಲ್ಲ. ನಿಮ್ಮ ಬಳಿಯಿರುವ ಜೋಡಿ ರೋಮ್ ಕೇಳುತ್ತದೆ. ಸೋನಿಕ್ 3 ಮತ್ತು ಸೋನಿಕ್ ಆಂಡ್ ನಕಲ್ಸ್ ಎರಡೂ ಒಂದಾದ ಫೈಲ್ ಅದು, ಗಾತ್ರ 41,94,304 ಬೈಟ್. ಬರೀ ಸೋನಿಕ್ 3ರ ರೋಮ್ ಕೊಟ್ಟರೆ ಒಪ್ಪುವುದಿಲ್ಲ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಮೆಗಾ ಡ್ರೈವ್ ಕ್ಲಾಸಿಕ್ಸ್ ಮೊದಲೇ ಕೊಂಡವರಿಗೆ ಆ ಫೈಲ್ ಲೈಬ್ರರಿಯಲ್ಲೇ ಇರುತ್ತದೆ. ಆ ಸಂಗ್ರಹವೂ 2024ರ ಕೊನೆಯಲ್ಲಿ ಮಾರಾಟದಿಂದ ಹೋಯಿತು.

ರೋಮ್ ಹ್ಯಾಕ್ ಪ್ಯಾಚ್ ಹಾಕಿದರೆ ಬರೀ ಕಪ್ಪು ಪರದೆ ಬರುತ್ತದೆ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಮೂಲ ಫೈಲ್ ಸರಿ ಇರುವುದಿಲ್ಲ. ಪ್ಯಾಚ್ ಅಂದರೆ ‘ಇಂತಿಂಥ ಬೈಟನ್ನು ಹೀಗೆ ಬದಲಿಸು’ ಎಂಬ ಪಟ್ಟಿ. ಫೈಲಿನ ತಲೆಯಲ್ಲಿ ನಾಲ್ಕು ಬೈಟ್ ಹೆಚ್ಚಿದ್ದರೂ ಪ್ರತಿ ತಿದ್ದುಪಡಿಯೂ ತಪ್ಪು ಜಾಗಕ್ಕೆ ಬೀಳುತ್ತದೆ.

ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಇದು ನಿತ್ಯದ ಗೋಳು. ಶುದ್ಧ ರೋಮ್ 5,24,288 ಬೈಟ್. ಹಳೆಯ ನಕಲು ಯಂತ್ರಗಳು ಮುಂದೆ 512 ಬೈಟ್ ಹೆಡರ್ ಸೇರಿಸುತ್ತಿದ್ದವು, ಆಗ 5,24,800. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಈ ಅಂಕಿ ನೋಡಿ. ‘ಸೈಜ್ ಆನ್ ಡಿಸ್ಕ್’ ಅಲ್ಲ, ಅದರ ಮೇಲಿನ ‘ಸೈಜ್’. ಪ್ಯಾಚ್ ಜೊತೆಗಿನ ಟಿಪ್ಪಣಿಯಲ್ಲಿ ಹೆಡರ್ ಬೇಕೋ ಬೇಡವೋ ಬರೆದಿರುತ್ತಾರೆ. ನಿಂಟೆಂಡೊ 8-ಬಿಟ್ ಫೈಲಿನ ಹೆಡರ್ ಬೇರೆ ಮಾತು: ಅದು 16 ಬೈಟ್, ಎಮ್ಯುಲೇಟರಿಗೆ ಬೇಕೇ ಬೇಕು, ತೆಗೆಯಬೇಡಿ. ಮೊದಲ ಮಾರಿಯೋ ಹೆಡರ್ ಸೇರಿ 40,976 ಬೈಟ್ ಇರಬೇಕು.

ಐಪಿಎಸ್, ಬಿಪಿಎಸ್ ಎಂದು ಎರಡು ಬಗೆಯ ಪ್ಯಾಚ್ ಸಿಗುತ್ತದೆ. ಐಪಿಎಸ್ ಯಾವ ಫೈಲ್ ಕೊಟ್ಟರೂ ಮಾತಾಡದೆ ತಿದ್ದಿಬಿಡುತ್ತದೆ. 16 ಎಂಬಿ ಮೀರಿದ ಜಾಗವನ್ನು ಮುಟ್ಟಲಾರದು. ಬಿಪಿಎಸ್ ಒಳಗೆ ಮೂಲ ಫೈಲಿನ ಚೆಕ್‌ಸಮ್ (ಫೈಲ್ ಅದೇ ಹೌದೇ ಎಂದು ಪರೀಕ್ಷಿಸುವ ಅಂಕಿ) ಇರುತ್ತದೆ, ಹೊಂದದಿದ್ದರೆ ಕೆಲಸವೇ ಮಾಡುವುದಿಲ್ಲ. ಎರಡೂ ಸಿಕ್ಕರೆ ಬಿಪಿಎಸ್ ತೆಗೆದುಕೊಳ್ಳಿ, ಫ್ಲಿಪ್ಸ್ ಎಂಬ ಪುಟ್ಟ ತಂತ್ರಾಂಶದಿಂದ ಹಾಕಿ. ಪ್ಯಾಚ್ ಹಾಕುವುದು ಯಾವಾಗಲೂ ನಕಲಿನ ಮೇಲೆ. ಒಮ್ಮೆ ಹ್ಯಾಕ್ ಆದ ಫೈಲಿನ ಮೇಲೆ ಇನ್ನೊಂದು ಹ್ಯಾಕ್ ಹಾಕಿದರೆ ಎರಡೂ ಹಾಳು.

ಆಟ ಶುರುವಾಗಿ ಹಾಡು ಕರ್ಕಶವಾದರೆ ಅಥವಾ ಮಧ್ಯೆ ನಿಂತುಹೋದರೆ ಹ್ಯಾಕ್ ಹಳೆಯದಿರಬಹುದು. ಆಗಿನ ಎಷ್ಟೋ ಹ್ಯಾಕ್‌ಗಳನ್ನು ಝಡ್‌ಸ್ನೆಸ್ ಎಮ್ಯುಲೇಟರಿನಲ್ಲಿ ಮಾತ್ರ ಪರೀಕ್ಷಿಸಿದ್ದರು. ಅದು ಅಸಲಿ ಯಂತ್ರದಲ್ಲಿ ನಡೆಯದ್ದನ್ನೂ ನಡೆಸಿಬಿಡುತ್ತಿತ್ತು. ಹಾಗೆಂದು ಝಡ್‌ಸ್ನೆಸ್ ಹುಡುಕಿಕೊಂಡು ಹೋಗಬೇಡಿ, ಅದರಲ್ಲಿ ಭದ್ರತಾ ದೋಷಗಳಿವೆ. ಅದೇ ಹ್ಯಾಕ್‌ನ ತಿದ್ದಿದ ಆವೃತ್ತಿ ಬಂದಿದೆಯೇ ನೋಡಿ.

ಗುಂಡಿ ಒತ್ತಿದ ಮೇಲೆ ತಡವಾಗಿ ಜಿಗಿಯುತ್ತದೆ. ಪೋರ್ಟ್ ಕೆಟ್ಟದ್ದೇ?

ಮೊದಲು ಟೀವಿಯನ್ನು ಅನುಮಾನಿಸಿ. ಟೀವಿಯ ಗೇಮ್ ಮೋಡ್ ಹಾಕಿ, ಬ್ಲೂಟೂತ್ ಬಿಟ್ಟು ತಂತಿಯಲ್ಲಿ ಕಂಟ್ರೋಲರ್ ಜೋಡಿಸಿ. ಆಮೇಲೂ ಉಳಿದ ತಡವನ್ನು ರೆಟ್ರೋಆರ್ಚ್ ಎಂಬ ಎಮ್ಯುಲೇಟರ್ ತಂತ್ರಾಂಶದಲ್ಲಿ ಅಳೆಯಬಹುದು. ‘ಪಿ’ ಕೀಲಿಯಿಂದ ಆಟ ನಿಲ್ಲಿಸಿ, ಜಿಗಿತದ ಗುಂಡಿ ಹಿಡಿದುಕೊಂಡೇ ‘ಕೆ’ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಒಂದು ಒತ್ತಿಗೆ ಒಂದು ಫ್ರೇಮ್ ಸರಿಯುತ್ತದೆ. ಮೂರನೆಯ ಒತ್ತಿಗೆ ಪಾತ್ರ ಕದಲಿದರೆ ಆಟದೊಳಗಿನ ತಡ ಎರಡು ಫ್ರೇಮ್, ಸುಮಾರು 33 ಮಿಲಿಸೆಕೆಂಡ್. ಲೇಟೆನ್ಸಿ ಸೆಟ್ಟಿಂಗಿನ ರನ್-ಅಹೆಡ್ (ಆ ತಡದ ಫ್ರೇಮುಗಳನ್ನು ಮರೆಮಾಡುವ ಸೌಲಭ್ಯ) ಅನ್ನು 2ಕ್ಕೆ ಇಡಿ. ಅಳೆದದ್ದಕ್ಕಿಂತ ಹೆಚ್ಚು ಇಟ್ಟರೆ ಜಿಗಿತದ ಮೊದಲ ಚಿತ್ರಗಳು ಹಾರಿಹೋಗಿ ಪಾತ್ರ ಕುಪ್ಪಳಿಸಿದ ಹಾಗೆ ಕಾಣುತ್ತದೆ.

ಇದರಿಂದ ಮೂಲ ಯಂತ್ರಕ್ಕಿಂತಲೂ ಕಡಿಮೆ ತಡ ಸಿಗುತ್ತದೆ. ಅತಿ ಕಡಿಮೆ ಹೊತ್ತಿನಲ್ಲಿ ಆಟ ಮುಗಿಸುವ ದಾಖಲೆ ಓಟದವರು ಇದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಆಡುವವರಿಗೆ ಅಡ್ಡಿಯಿಲ್ಲ.

ಅಗಲ ಪರದೆಯಲ್ಲಿ ಆಡಿದರೆ ಮೋಸವೇ?

ಮೋಸ ಅಲ್ಲ, ಆಟ ಸುಲಭ ಅಷ್ಟೇ. ಸೋನಿಕ್‌ನಂಥ ವೇಗದ ಆಟಕ್ಕೆ ಅಗಲ ಪರದೆ ಲಾಭವೇ. ಆದರೆ ಶತ್ರು ಪರದೆಯ ಅಂಚಿಗೆ ಬಂದಾಗ ಮಾತ್ರ ಜೀವ ತಳೆಯುವ ಹಳೆಯ ಆಟಗಳಿಗೆ ಮಾಡ್‌ನಿಂದ ಅಗಲ ಕೊಟ್ಟರೆ ಶತ್ರುಗಳು ಕಣ್ಣೆದುರೇ ಫಕ್ಕನೆ ಪ್ರತ್ಯಕ್ಷವಾಗುತ್ತವೆ.

ಸೂಪರ್ ಮಾರಿಯೋ 64ರಲ್ಲಿ ಹಿಂದಕ್ಕೆ ಜಿಗಿದು ಮೆಟ್ಟಿಲು ದಾಟುವ ತಂತ್ರ ಸ್ವಿಚ್‌ನಲ್ಲಿ ಆಗುತ್ತಿಲ್ಲ, ಯಾಕೆ?

2020ರ 3ಡಿ ಆಲ್-ಸ್ಟಾರ್ಸ್‌ನಲ್ಲಿರುವುದು ಜಪಾನಿನ 1997ರ ಶಿಂಡೌ ಆವೃತ್ತಿ. ಅದರಲ್ಲಿ ಆ ದೋಷವನ್ನು ಮುಚ್ಚಿದ್ದರು. ನಿಮ್ಮ ಕೈಯಲ್ಲಿ ತಪ್ಪಿಲ್ಲ.

ಇದೆಲ್ಲ ಕಾನೂನಿಗೆ ಸರಿಯೇ?

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಕಲಂ 52(1)(ಎಡಿ) ಪ್ರಕಾರ, ಕಾನೂನುಬದ್ಧವಾಗಿ ಪಡೆದ ಸ್ವಂತ ಪ್ರತಿಯಿಂದ ಕಂಪ್ಯೂಟರ್ ಪ್ರೋಗ್ರಾಂನ ನಕಲನ್ನೋ ರೂಪಾಂತರವನ್ನೋ ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು. ಜಾಲತಾಣದಿಂದ ಇಳಿಸಿದ ರೋಮ್ ಆ ವಾಕ್ಯದೊಳಗೆ ಬರುವುದಿಲ್ಲ. ಮಾಡ್ ಮಾಡಿದ ಪೂರ್ತಿ ರೋಮನ್ನು ಹಂಚುವುದಂತೂ ಇಲ್ಲವೇ ಇಲ್ಲ. ಹ್ಯಾಕ್ ಮಾಡುವವರು ಬರೀ ಪ್ಯಾಚ್ ಹಂಚುವುದು ಇದೇ ಕಾರಣಕ್ಕೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಡಿಜಿಟಲ್ ಬೀಗ ಮುರಿಯುವುದರ ಬಗ್ಗೆ ಇದೆ, ಅದನ್ನೂ ಓದಿಕೊಳ್ಳಿ.

ಅಭಿಮಾನಿಗಳ ಕೆಲಸವನ್ನು ನಿಂಟೆಂಡೊ ತೆಗೆಸುತ್ತದೆ, ಸೆಗಾ ಯಾಕೆ ಬಿಡುತ್ತದೆ?

ಸೆಗಾಗೆ ಅದರಿಂದ ಲಾಭವಾಗಿದೆ. ವೈಟ್‌ಹೆಡ್ ಮೊದಲು ಅಭಿಮಾನಿ ಕೋಡರ್. ಅವರು ಮತ್ತು ಅದೇ ಬಳಗದವರು ಸೇರಿ ಮಾಡಿದ ಸೋನಿಕ್ ಮೇನಿಯಾ 2017ರಲ್ಲಿ ಸೆಗಾ ಹೆಸರಲ್ಲೇ ಬಂತು. ನಿಂಟೆಂಡೊದ ದಾರಿ ಬೇರೆ. ಮೆಟ್ರಾಯ್ಡ್ 2ರ ಅಭಿಮಾನಿ ರೀಮೇಕನ್ನು 2016ರಲ್ಲಿ, ಕಮೊಡೋರ್ 64ರ ಮಾರಿಯೋ ಪೋರ್ಟನ್ನು 2019ರಲ್ಲಿ, ಬಂದ ಕೆಲವೇ ದಿನಗಳಲ್ಲಿ ತೆಗೆಸಿತು.

ಈ ಕಟ್ಟುನಿಟ್ಟು ಹೊಸತೇನಲ್ಲ. ಸೆಪ್ಟೆಂಬರ್ 1990ರಲ್ಲಿ ಅಮೆರಿಕದ ಆಟ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಪಿಸಿ ಪರದೆಯನ್ನು ನುಣುಪಾಗಿ ಸರಿಸುವ ಉಪಾಯ ಕಂಡುಕೊಂಡರು. ಪ್ರತಿ ಸಲ ಇಡೀ ಪರದೆ ಬರೆಯುವ ಬದಲು ಬದಲಾದ ಚೌಕಗಳನ್ನು ಮಾತ್ರ ಬರೆಯುವುದು. ಅವರೂ ಅವರ ಸಹೋದ್ಯೋಗಿ ಟಾಮ್ ಹಾಲ್ ಅವರೂ ಒಂದೇ ರಾತ್ರಿಯಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಲೆವೆಲನ್ನು ಪಿಸಿಗೆ ತಂದು, ಮಾರಿಯೋ ಜಾಗದಲ್ಲಿ ಡೇಂಜರಸ್ ಡೇವ್‌ನನ್ನು ನಿಲ್ಲಿಸಿದರು. ಹೌದು, ನಮ್ಮ ಲ್ಯಾಬುಗಳ ಅದೇ ಕೆಂಪು ಟೋಪಿಯ ಡೇವ್. ಆಮೇಲೆ ಗೆಳೆಯರೆಲ್ಲ ಸೇರಿ ಮಾರಿಯೋ 3ರ ಪಿಸಿ ಪೋರ್ಟ್ ಮಾಡಿ ನಿಂಟೆಂಡೊಗೆ ಕಳಿಸಿದರು, ನಿಂಟೆಂಡೊ ಬೇಡವೆಂದಿತು. ಅದೇ ಉಪಾಯದಿಂದ ಡಿಸೆಂಬರ್‌ನಲ್ಲಿ ಕಮಾಂಡರ್ ಕೀನ್ ಎಂಬ ಅವರದೇ ಆಟ ಬಂತು. ಆ ತಿರಸ್ಕೃತ ಪೋರ್ಟಿನ ಒಂದು ಪ್ರತಿ 2021ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ‘ದಿ ಸ್ಟ್ರಾಂಗ್’ ವಸ್ತುಸಂಗ್ರಹಾಲಯ ಸೇರಿತು.

ಹ್ಯಾಕ್‌ನ ಹೊಸ ಆವೃತ್ತಿ ಬಂದಿದೆ. ಹಳೆಯ ಸೇವ್ ನಡೆಯುತ್ತದೆಯೇ?

ಆಟದೊಳಗಿನ ಸೇವ್ ಸಾಮಾನ್ಯವಾಗಿ ನಡೆಯುತ್ತದೆ, ಸೇವ್ ಸ್ಟೇಟ್ ನಡೆಯುವುದಿಲ್ಲ. ಸ್ಟೇಟ್ ಅಂದರೆ ಆ ಕ್ಷಣದ ಮೆಮೊರಿಯ ಪೂರ್ತಿ ನಕಲು. ಕೋಡ್ ಜಾಗ ಬದಲಿಸಿದ್ದರೆ ಲೋಡ್ ಮಾಡಿದ ಕೂಡಲೇ ಆಟ ಕುಸಿಯುತ್ತದೆ. ಹೊಸ ಪ್ಯಾಚನ್ನು ಶುದ್ಧ ರೋಮ್‌ಗೆ ಹಾಕಿ, ಹಳೆಯ ಹ್ಯಾಕ್‌ಗೆ ಇಟ್ಟಿದ್ದ ಹೆಸರನ್ನೇ ಇಡಿ. ಎಮ್ಯುಲೇಟರ್ ರೋಮ್‌ನ ಹೆಸರು ನೋಡಿ ಸೇವ್ ಫೈಲ್ ಹುಡುಕುತ್ತದೆ. ಇದೇ ಕಾರಣಕ್ಕೆ ಬೇರೆ ಬೇರೆ ಹ್ಯಾಕ್‌ಗಳಿಗೆ ಒಂದೇ ‘ಮಾರಿಯೋ’ ಹೆಸರಿಟ್ಟರೆ ಒಂದರ ಸೇವ್ ಇನ್ನೊಂದರಲ್ಲಿ ತೆರೆದುಕೊಂಡು, ನೀವು ಕಾಲಿಡದ ಲೆವೆಲ್‌ಗಳೆಲ್ಲ ಮುಗಿದಂತೆ ತೋರಿಸುತ್ತದೆ.